ತೂತಪ್ಪನ ಎದೆಯ ಮೇಲಿನ ಬರಹ

ಒಂದು ಗುಂಡಿ ಬಿತ್ತು. ನಡೆದದ್ದು ಇಷ್ಟೇ.

ದೇವರು ಮನುಷ್ಯನನ್ನು ಪರೀಕ್ಷಿಸಬೇಕೆಂದಾಗ ಭೂಕಂಪವನ್ನೋ ಪ್ರವಾಹವನ್ನೋ ಕಳಿಸುತ್ತಾನೆ ಎಂದು ನಾವು ತಿಳಿದಿರುತ್ತೇವೆ. ಅವನಿಗೆ ಅಷ್ಟೊಂದು ಖರ್ಚು ಬೇಕಿಲ್ಲ. ಬಿಳಿ ಅಂಗಿಯ ನಟ್ಟನಡುವಿನ ಒಂದು ಗುಂಡಿ, ಅದನ್ನು ಹಿಡಿದಿದ್ದ ಸವೆದ ದಾರ, ಇವೆರಡು ಸಾಕು. ಗುಂಡಿ ನೆಲಕ್ಕೆ ಬಿತ್ತು, ಉರುಳಿತು, ಮಂಚದ ಕೆಳಗೆ ಹೋಯಿತು. ಅಲ್ಲಿಂದ ಮುಂದೆ ಎಲ್ಲಿಗೆ ಹೋಯಿತೆಂಬುದನ್ನು ಬಲ್ಲವನು ಅವನೊಬ್ಬನೇ.

ಬೇರೆ ಯಾರ ಅಂಗಿಯದಾಗಿದ್ದರೂ ಕತೆಯೇ ಇರುತ್ತಿರಲಿಲ್ಲ. ಬಿದ್ದದ್ದು ತೂತಪ್ಪನ ಅಂಗಿಯದು.

ತೂತಪ್ಪ ಗುಂಡಿ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದ. ಚಿಪ್ಪು, ಕೊಂಬು, ಮರದ ತುಂಡುಗಳನ್ನು ಬಿಲ್ಲೆಬಿಲ್ಲೆಯಾಗಿ ಕೊಯ್ದು, ತೂತು ಕೊರೆದು, ಹೊಳಪು ಕೊಟ್ಟು ಅಂಗಿಯ ಗುಂಡಿ ಮಾಡುವ ಕಾರ್ಖಾನೆ ಅದು. ಕಿಟಕಿಯ ಪಕ್ಕದ ಮೇಜು ತೂತಪ್ಪನದು. ಒಂದೊಂದು ಗುಂಡಿಯನ್ನೂ ಬೆಳಕಿಗೆ ಹಿಡಿದು, ತೂತು ನೇರವಾಗಿದೆಯೇ, ಅಂಚು ದುಂಡಗಿದೆಯೇ ಎಂದು ನೋಡಿ, ಒಳ್ಳೆಯದನ್ನು ಬಲಗಡೆಯ ತಟ್ಟೆಗೆ, ಸೊಟ್ಟಗಿದ್ದುದನ್ನು ಎಡಗಡೆಯ ರಿಜೆಕ್ಟ್ ಡಬ್ಬಕ್ಕೆ ಹಾಕುವುದು ಅವನ ಕೆಲಸ. ಬಲಗಡೆಗೆ ಹಾಕುವಾಗ ಮನಸ್ಸಿನಲ್ಲೇ ಒಂದು ಸಲ ದೇವರ ನಾಮ, ಎಡಗಡೆಗೆ ಹಾಕುವಾಗಲೂ ಒಂದು ಸಲ. ಹೀಗೆ ವರ್ಷಗಟ್ಟಲೆ ತೂತು ನೋಡುತ್ತ, ನಾಮ ಜಪಿಸುತ್ತ, ಸ್ವಲ್ಪ ಹೊಟ್ಟೆಯನ್ನೂ ಬೆಳೆಸಿಕೊಂಡು ಅವನು ಸುಖವಾಗಿದ್ದ. ದಿನವಿಡೀ ತೂತು ನೋಡುವವನಾದ್ದರಿಂದ ಎಲ್ಲರ ಬಾಯಲ್ಲೂ ತೂತಪ್ಪ. ಅಪ್ಪ ಅಮ್ಮ ಇಟ್ಟ ಹೆಸರು ಅವನ ಹೆಂಡತಿಗೂ ಥಟ್ಟನೆ ನೆನಪಾಗುತ್ತಿರಲಿಲ್ಲ.

ಆ ಸುಖಕ್ಕೆ ಹೋದ ವಾರ ಕಣ್ಣು ಬಿದ್ದಿತ್ತು. ಯಜಮಾನರು ಮೇಜಿನ ಮುಂದೆ ಬಂದು ನಿಂತು ಹೇಳಿದ್ದರು:

“ನೋಡಯ್ಯ, ಒಬ್ಬ ಆಳು ದಿನವೆಲ್ಲ ಕೂತು ತೂತು ನೋಡೋದು ಅಂದ್ರೆ ನನಗ್ಯಾಕೋ ದಂಡ ಅನ್ಸುತ್ತೆ. ಶುಕ್ರವಾರ ಜಪಾನಿನಿಂದ ಒಬ್ಬರು ದೊಡ್ಡ ಗಿರಾಕಿ ಬರ್ತಿದ್ದಾರೆ. ತುಂಬ ಶಿಸ್ತಿನವರಂತೆ. ಹೀಗೆ ಒಂದೊಂದಾಗಿ ಆರಿಸೋದು ಅವರ ಮನಸ್ಸಿಗೆ ಬಂತು ಅಂದ್ರೆ ಈ ಕಿಟಕಿ ನಿಂದೇ, ಸಾಯೋ ತನಕ ಕೂತ್ಕೋ. ಬರಲಿಲ್ಲ ಅಂದ್ರೆ ಸೋಮವಾರದಿಂದ ಡ್ರಮ್ ಕೋಣೆಗೆ ಹೋಗು.”

ಡ್ರಮ್ ಕೋಣೆ ಎಂದರೆ ಗುಂಡಿಗಳನ್ನು ಮರಳಿನ ಜೊತೆ ದೊಡ್ಡ ಮರದ ಡ್ರಮ್ಮುಗಳಲ್ಲಿ ತುಂಬಿ ಹೊಳಪು ಬರುವವರೆಗೆ ಉರುಳಿಸುವ ಜಾಗ. ಒಂದು ಕಲ್ಲುಗುಡ್ಡ ಬೆಳಗಿನಿಂದ ಸಂಜೆಯವರೆಗೆ ಮೆಟ್ಟಿಲಿಳಿಯುತ್ತಲೇ ಇದ್ದರೆ ಹೇಗೋ ಹಾಗೆ ಅದರ ಸದ್ದು. ಅಲ್ಲಿ ದುಡಿದವರಿಗೆ ಮನೆಗೆ ಬಂದು ಮಲಗಿದರೂ ಕಿವಿಯೊಳಗೆ ಡ್ರಮ್ಮು ತಿರುಗುತ್ತಲೇ ಇರುತ್ತದಂತೆ. ಅಲ್ಲಿ ದೇವರ ನಾಮ ಜಪಿಸಿದರೆ ಜಪಿಸಿದವನಿಗೇ ಕೇಳಿಸದು, ಇನ್ನು ದೇವರಿಗೆ ಕೇಳಿಸುವುದೆಲ್ಲಿಂದ ಎಂಬುದು ತೂತಪ್ಪನ ಚಿಂತೆ.

ಇಂಥ ಶುಕ್ರವಾರದ ಬೆಳಿಗ್ಗೆ ಗುಂಡಿ ಬಿತ್ತು.

“ಮನೇಲಿ ಇನ್ನೊಂದು ಗುಂಡಿ ಇಲ್ವೇನೆ?” ಎಂದ ತೂತಪ್ಪ, ಮಂಚದ ಕೆಳಗಿಂದಲೇ.

“ಎಲ್ಲಿಂದ ಬರ್ಬೇಕು?” ಎಂದಳು ಹೆಂಡತಿ. “ಸಕ್ಕರೆ ಅಂಗಡಿಯವನ ಮನೇಲಿ ಇರುವೆಗಳಾದ್ರೂ ಇರ್ತವೆ. ಗುಂಡಿ ಕಾರ್ಖಾನೆಯವನ ಮನೇಲಿ ಒಂದು ಗುಂಡಿಗೆ ಗತಿಯಿಲ್ಲ.”

“ಕಾರ್ಖಾನೆ ಗುಂಡಿ ಮನೆಗೆ ತರೋದು ಪಾಪ ಕಣೆ.”

“ಎದೆ ಬಿಟ್ಕೊಂಡು ಹೋಗೋದು ಪುಣ್ಯಾನಾ? ಕೊಡಿ ಇಲ್ಲಿ. ತೀರಾ ಕೆಳಗಿಂದ ಒಂದು ಕಿತ್ತು ಮೇಲೆ ಹಾಕ್ತೀನಿ.”

ಅವಳು ಕಿತ್ತಳು. ಕೆಳಗಿನ ಗುಂಡಿ ತಾನೊಬ್ಬನೇ ಬರಲೊಪ್ಪದೆ ಅಂಗೈಯಗಲ ಬಟ್ಟೆಯನ್ನೂ ಜೊತೆಗೆ ಕರೆದುಕೊಂಡು ಬಂತು. ಗಂಡ ಹೆಂಡತಿ ಇಬ್ಬರೂ ಆ ಕಿಂಡಿಯ ಮೂಲಕ ಒಬ್ಬರನ್ನೊಬ್ಬರು ನೋಡಿಕೊಂಡರು. ಉಳಿದ ಅಂಗಿಗಳೆಲ್ಲ ಬಕೆಟ್ಟಿನಲ್ಲಿ ಸೋಪಿನ ನೀರು ಕುಡಿಯುತ್ತ ಬಿದ್ದಿದ್ದವು.

ಆಗ ಹೆಂಡತಿಯ ಮುಖ ಬೆಳಗಿತು. ಬೀರುವಿನಿಂದ ಅವಳು ಒಂದು ಹಳದಿ ಟೀ ಶರ್ಟು ತೆಗೆದಳು. ಸಂತೆಯ ರಾಶಿಯಲ್ಲಿ ಆರಿಸಿ ತಂದದ್ದು. ಎದೆಯ ತುಂಬ ಕಪ್ಪು ಬಣ್ಣದ ಅಕ್ಷರಗಳು: ಕೆಲವು ಏಣಿಯಂತೆ, ಕೆಲವು ಕಿಟಕಿ ಚೌಕಟ್ಟಿನಂತೆ, ಒಂದಂತೂ ಕೈಕಾಲು ಚಾಚಿ ಓಡುವ ಮನುಷ್ಯನಂತೆ.

“ಇದು ಜಪಾನಿ ಬರಹ ಅಂತ ಅಂಗಡಿಯವನೇ ಹೇಳಿದ. ಹಾಕ್ಕೊಂಡು ಹೋಗಿ. ಇಷ್ಟು ದೂರ ಬಂದೋರಿಗೆ ನಮ್ಮ ಅಕ್ಷರ ಇಲ್ಲೂ ಇದೆಯಲ್ಲ ಅಂತ ಸಂತೋಷ ಆಗುತ್ತೆ.”

“ಗುಂಡಿ ಕಾರ್ಖಾನೆಗೆ ಗುಂಡೀನೇ ಇಲ್ಲದ ಅಂಗಿ ಹಾಕ್ಕೊಂಡು ಹೋಗ್ಲಾ?”

“ಗುಂಡೀನೇ ಇಲ್ಲದಿದ್ರೆ ಗುಂಡಿ ಬಿದ್ದಿದೆ ಅಂತ ಯಾರೂ ಅನ್ನೋ ಹಾಗಿಲ್ಲವಲ್ಲ!”

ತೂತಪ್ಪ ಮಂಚದ ಕೆಳಗೆ ಇನ್ನೊಮ್ಮೆ ಇಣುಕಿದ. ದೇವರ ಪಟದ ಮುಂದೆ ಕೈಮುಗಿದು, ಅಂಗಿಯೊಳಗೆ ತಲೆ ತೂರಿಸಿ, ಹೊರಟ.

ಗೇಟಿನ ಬಳಿ ಪಕ್ಕದ ಮನೆಯ ಪೋಸ್ಟ್ ಮಾಸ್ತರು ಪೇಪರ್ ಓದುತ್ತ ನಿಂತಿದ್ದರು. ನಿವೃತ್ತರಾಗಿ ಎಷ್ಟೋ ಕಾಲವಾದರೂ ಬರಹ ಕಂಡಲ್ಲಿ ಕಣ್ಣಿಡುವ ಚಟ ಅವರನ್ನು ಬಿಟ್ಟಿರಲಿಲ್ಲ. ಕನ್ನಡಕವನ್ನು ಹಣೆಯಿಂದ ಮೂಗಿಗಿಳಿಸಿ ತೂತಪ್ಪನ ಎದೆಯನ್ನು ವಿಳಾಸ ನೋಡುವಂತೆ ನೋಡಿದರು.

“ಏನಂತ ಬರೆದಿದೆ?”

“ಜಪಾನಿ ಭಾಷೆ, ಮಾಸ್ತರೇ.”

“ಭಾಷೆ ಯಾವುದು ಅಂತ ಕೇಳ್ಲಿಲ್ಲ. ಏನಂತ ಬರೆದಿದೆ ಅಂತ ಕೇಳ್ದೆ.”

“ಗೊತ್ತಿಲ್ಲ.”

“ಗೊತ್ತಿಲ್ಲ!” ಮಾಸ್ತರು ಪೇಪರ್ ಮಡಚಿದರು. ಅವರು ಪೇಪರ್ ಮಡಚಿದರೆಂದರೆ ಎದುರಿಗಿದ್ದವನ ನೆಮ್ಮದಿಗೆ ಸೀಲು ಬಿತ್ತೆಂದೇ ಲೆಕ್ಕ. “ಅಲ್ಲ ಕಣಯ್ಯ, ಗೊತ್ತಿಲ್ಲದ ಕಾಗದಕ್ಕೆ ಸಹಿ ಹಾಕ್ತೀಯಾ? ಇಲ್ಲ. ಗೊತ್ತಿಲ್ಲದ ಮಾತನ್ನ ಎದೆ ಮೇಲೆ ಹೊತ್ಕೊಂಡು, ಅದೂ ಆ ಭಾಷೆ ಬಲ್ಲವರ ಎದುರಿಗೇ ಹೋಗ್ತಿದ್ದೀಯ! ಅದರಲ್ಲಿ ‘ನಿಮ್ಮಪ್ಪ ಕಳ್ಳ’ ಅಂತಿದ್ರೆ?”

ತೂತಪ್ಪನ ಕೈ ತಾನಾಗಿಯೇ ಎದೆಗೆ ಹೋಯಿತು.

“ನಮ್ಮ ಭಾವಮೈದ ಹೀಗೇ ಏನೋ ಬರಹದ ಟೋಪಿ ಹಾಕ್ಕೊಂಡು ಹಡಗು ಹತ್ತಿದ್ದ,” ಎಂದು ಮಾಸ್ತರು ಮುಂದುವರಿಸಿದರು. “ಹಡಗಿನವರು ಓದಿದರು. ಆಮೇಲೆ ಅವನು ಇಡೀ ಪ್ರಯಾಣ ಅಡುಗೆ ಕೋಣೇಲಿ ಪಾತ್ರೆ ಉಜ್ಜಿದ.”

“ಟೋಪೀಲಿ ಏನಿತ್ತಂತೆ?”

“ಅದೇ ಇವತ್ತಿಗೂ ಗೊತ್ತಾಗ್ಲಿಲ್ಲ ನೋಡು!”

ಬಸ್ಸು ಬಂದಿತ್ತು. ಅಂಗಿ ಬದಲಿಸಲು ಸಮಯವೂ ಇರಲಿಲ್ಲ, ಅಂಗಿಯೂ ಇರಲಿಲ್ಲ. ಊಟದ ಡಬ್ಬಿಯ ಚೀಲವನ್ನು ಮಗುವಿನಂತೆ ಎದೆಗವಚಿಕೊಂಡು ತೂತಪ್ಪ ನಿಂತೇ ಪ್ರಯಾಣ ಮಾಡಿದ. ಎಷ್ಟು ಭದ್ರವಾಗಿ ಅವಚಿಕೊಂಡಿದ್ದನೆಂದರೆ, ಒಬ್ಬ ಹೆಂಗಸು ಎದ್ದು “ಪಾಪ, ಕೂಸು ಇದೆ, ಕೂತ್ಕೊಳ್ಳಣ್ಣ” ಎಂದು ಜಾಗ ಬಿಟ್ಟುಕೊಟ್ಟಳು.

ಕಾರ್ಖಾನೆಯಲ್ಲಿ ಅವನ ಹಿತಚಿಂತಕರು ಇಬ್ಬರು. ಒಬ್ಬ, ತೂತು ಕೊರೆಯುವ ಡ್ರಿಲ್ ಮಾವ. ಕೊರೆದು ಕೊರೆದು ತಾನೂ ಡ್ರಿಲ್ಲಿನ ಕಡ್ಡಿಯಷ್ಟೇ ತೆಳ್ಳಗಾದವನು. ಇನ್ನೊಬ್ಬಳು ಪ್ಯಾಕಿಂಗ್ ಅಕ್ಕ; ಗುಂಡಿಗಳನ್ನು ರಟ್ಟಿಗೆ ಹೊಲಿದು, ಪೆಟ್ಟಿಗೆಗೆ ತುಂಬಿ, ಟೇಪು ಸುತ್ತುವವಳು. ಕಾರ್ಖಾನೆಯಲ್ಲಿ ಯಾರಿಗೆ ಕಷ್ಟ ಬಂದರೂ ಇವರಿಬ್ಬರೂ ಕರೆಯದೆಯೇ ಓಡಿಬರುತ್ತಿದ್ದರು. ಬಂದಮೇಲೆ ಕಷ್ಟ ಮೊದಲಿಗಿಂತ ದೊಡ್ಡದಾಗಿ ಬೆಳೆಯುತ್ತಿತ್ತು.

“ಚೀಲ ಯಾಕೋ ತಬ್ಕೊಂಡಿದ್ದೀಯ, ಬಿಡು,” ಎಂದು ಮಾವ ಚೀಲ ಕಿತ್ತುಕೊಂಡ. ಅಕ್ಷರಗಳನ್ನು ನೋಡಿದ. ಸುತ್ತಲಿನ ಡ್ರಿಲ್ಲುಗಳು ಒಂದೊಂದಾಗಿ ನಿಂತವು.

ತೂತಪ್ಪ ಮಾಸ್ತರ ಮಾತನ್ನು ಒಪ್ಪಿಸಿದ. ಅವರು ‘ಇದ್ದರೆ?’ ಎಂದದ್ದನ್ನು ಇವನೂ ‘ಇದ್ದರೆ?’ ಎಂದೇ ಹೇಳಿದ. ಆದರೆ ಆ ಮಾತು ಡ್ರಿಲ್ಲಿನ ಸಾಲನ್ನು ದಾಟುವಷ್ಟರಲ್ಲಿ ‘ಇದೆಯಂತೆ’ ಎಂದಾಗಿತ್ತು. ಪ್ಯಾಕಿಂಗ್ ವಿಭಾಗ ಸೇರುವ ಹೊತ್ತಿಗೆ ಗಿರಾಕಿಯ ಅಪ್ಪನ ಜೊತೆಗೆ ತಾತನೂ ಸೇರಿಕೊಂಡಿದ್ದ.

“ಅಯ್ಯೋ, ಅವರ ತಾತನ ವಿಷಯಾನಾ!” ಪ್ಯಾಕಿಂಗ್ ಅಕ್ಕ ಎದೆಯ ಮೇಲೆ ಕೈಯಿಟ್ಟುಕೊಂಡಳು. “ತಮ್ಮಾ, ನಿನ್ನ ಕಿಟಕಿ ಹೋದ ಹಾಗೇ ತಿಳ್ಕೋ.”

“ಮನೆಗೆ ಹೋಗಿಬಿಡ್ಲಾ ಅಕ್ಕ? ಜ್ವರ ಅಂತ ಹೇಳಿ?”

“ಯಜಮಾನರು ಆಗಲೇ ಮೂರು ಸಲ ನಿನ್ನ ಕೇಳಿದ್ದಾರೆ. ಗಿರಾಕಿ ಮುಂದೆ ಕೂತು ಆರಿಸಿ ತೋರಿಸಬೇಕಾದವನು ನೀನು. ಹೋದೆ ಅಂದ್ರೆ ಸೋಮವಾರದ ತನಕ ಕಾಯೋದೂ ಬೇಡ, ಇವತ್ತೇ ಡ್ರಮ್ಮು.”

“ತಿರುಗಿಸಿ ಹಾಕ್ಕೋ,” ಎಂದ ಮಾವ.

ಮೂಲೆಯಲ್ಲಿ ನಿಂತು ಅಂಗಿ ತಿರುವಿ ಹಾಕಿಕೊಂಡದ್ದಾಯಿತು. ತೆಳ್ಳನೆಯ ಬಟ್ಟೆ, ಅಕ್ಷರಗಳು ಹಿಂದುಮುಂದಾಗಿ ಸ್ಪಷ್ಟವಾಗಿ ಕಂಡವು.

“ಈಗ ಇನ್ನೂ ಕೆಟ್ಟದು,” ಎಂದು ಮಾವ ತೀರ್ಪು ಕೊಟ್ಟ. “ಮೊದಲು ಬೈಗುಳ ಒಂದೇ ಇತ್ತು. ಈಗ ಬೈಗುಳವನ್ನ ಬೇಕು ಅಂತಲೇ ಬಚ್ಚಿಟ್ಟಿದ್ದಾನೆ ಅನ್ನೋ ಅನುಮಾನವೂ ಬರುತ್ತೆ.”

ಮತ್ತೆ ತಿರುವಿದ್ದಾಯಿತು. ಮಾವ ಉದಾರವಾಗಿ ತನ್ನ ಅಂಗಿಯನ್ನೇ ಬಿಚ್ಚಿಕೊಟ್ಟ. ತೂತಪ್ಪ ಉಸಿರನ್ನೆಲ್ಲ ಹೊರಕ್ಕೆ ಬಿಟ್ಟು, ಹೊಟ್ಟೆಯನ್ನು ಬೆನ್ನಿಗಂಟಿಸಿ, ಹೇಗೋ ಗುಂಡಿ ಹಾಕಿಕೊಂಡ. ಎಲ್ಲರೂ ಸಮಾಧಾನದಿಂದ ನೋಡಿದರು. ಆದರೆ ಮನುಷ್ಯ ಎಷ್ಟು ಹೊತ್ತು ಉಸಿರು ಬಿಗಿಹಿಡಿದಾನು? ಅವನು ಒಂದು ಸಲ ಉಸಿರೆಳೆದುಕೊಂಡ. ಮೊದಲ ಗುಂಡಿ ಹಾರಿ ಪ್ಯಾಕಿಂಗ್ ಅಕ್ಕನ ಚಹಾದ ಲೋಟಕ್ಕೆ ಬಿತ್ತು. ಎರಡನೆಯದು ಟ್ಯೂಬ್ ಲೈಟಿಗೆ ತಗುಲಿ ಟಣ್ಣೆಂದಿತು. ಮೂರನೆಯದು ಬರಿಮೈಯಲ್ಲಿ ನಿಂತಿದ್ದ ಮಾವನ ಪಕ್ಕೆಗೆ ಹೊಡೆಯಿತು.

“ನನ್ನ ಗುಂಡಿ ನನಗೇ ಹೊಡೀತೀಯೇನೋ!” ಎಂದು ಮಾವ ಅಂಗಿ ಕಿತ್ತುಕೊಂಡ.

“ನೀವು ಗಂಡಸರು ಪಕ್ಕಕ್ಕೆ ಸರೀರಿ,” ಎಂದು ಪ್ಯಾಕಿಂಗ್ ಅಕ್ಕ ಟೇಪಿನ ಸುರುಳಿ ಹಿಡಿದು ಮುಂದೆ ಬಂದಳು. ಕರ್ರನೆ ಎಳೆದು, ಎದೆಯಿಂದ ಬೆನ್ನಿಗೆ, ಬೆನ್ನಿನಿಂದ ಎದೆಗೆ ಸುತ್ತಿದಳು. ಅಕ್ಷರಗಳು ಮಾಯವಾದವು. ತೂತಪ್ಪ ಬೇರೆ ಊರಿಗೆ ಹೊರಟ ಪಾರ್ಸಲಿನಂತೆ ಕಂಡ. ಆದರೆ ಟೇಪಿನ ತುಂಬ ‘ಒಡೆಯುವ ವಸ್ತು, ತಲೆಕೆಳಗೆ ಮಾಡಬೇಡಿ’ ಎಂದು ಅಚ್ಚಾಗಿತ್ತು.

ಅಷ್ಟರಲ್ಲಿ ಯಜಮಾನರು ಬಾಗಿಲಲ್ಲಿ ಇಣುಕಿದರು. “ಕಾರು ಹೊರಟಿದೆಯಂತೆ, ಇನ್ನೇನು ಬಂದ್ಬಿಡ್ತಾರೆ... ಏನಯ್ಯ ಇದು ಅವತಾರ?”

“ಬೆನ್ನು ನೋವು ಅವನಿಗೆ, ಯಜಮಾನ್ರೇ. ಪಟ್ಟಿ ಸುತ್ತಿದ್ದೀನಿ,” ಎಂದಳು ಅಕ್ಕ.

“ಎದೆಗೂ ಸುತ್ತಿದ್ದೀಯಲ್ಲಮ್ಮ?”

“ನೋವು ಆ ಕಡೆಗೂ ಬಂದಿದೆ.”

“ಮೊದಲು ಅದನ್ನ ಕಿತ್ತು ಎಸೀರಿ! ಕಾರ್ಖಾನೇಲಿ ಆಳುಗಳನ್ನೂ ಪ್ಯಾಕ್ ಮಾಡಿ ಕಳಿಸ್ತಾರೆ ಅಂದ್ಕೊಂಡಾರು!” ಎಂದು ಯಜಮಾನರು ಗೇಟಿನ ಕಡೆ ಓಡಿದರು.

ಟೇಪು ಕೀಳುವಾಗ ತೂತಪ್ಪನಿಗೆ ಎಲ್ಲ ದೇವರುಗಳೂ ನೆನಪಾದರು. ಅಂಗಿಗೆ ಮಾತ್ರ ಏನೂ ಆಗಲಿಲ್ಲ. ಅಕ್ಷರಗಳು ಈಗಷ್ಟೇ ಮಿಂದೆದ್ದವರಂತೆ ಇನ್ನೂ ಲಕಲಕ ಹೊಳೆದವು.

ಆಗ ಅಕ್ಕನಿಗೆ ಹೊಳೆಯಿತು. ಅವಳ ಕೈಯಲ್ಲಿ ಸದಾ ದಾರ ಪೋಣಿಸಿದ ಸೂಜಿ ಇರುತ್ತಿತ್ತು. “ನಾವೇನು ಉಪ್ಪು ಮಾರೋರಾ? ಗುಂಡಿ ಮಾಡೋರಲ್ವಾ! ಅಕ್ಷರದ ಮೇಲೆಲ್ಲ ಗುಂಡಿ ಹೊಲಿದುಬಿಟ್ರೆ? ಬರಹವೂ ಮುಚ್ಚುತ್ತೆ, ಗುಂಡಿಯಿಲ್ಲದ ಅಂಗಿ ಅನ್ನೋ ಮಾತೂ ಮುಚ್ಚುತ್ತೆ.”

ಎಲ್ಲರೂ ಹೋ ಎಂದರು. ಇಂಥ ಯೋಚನೆ ಗುಂಡಿ ಕಾರ್ಖಾನೆಯಲ್ಲದೆ ಬೇರೆಲ್ಲಿ ಹುಟ್ಟೀತು! ಆದರೆ ಒಳ್ಳೆಯ ಗುಂಡಿಗಳನ್ನೆಲ್ಲ ಯಜಮಾನರು ಗಿರಾಕಿಗೆ ತೋರಿಸಲೆಂದು ತಮ್ಮ ಕೋಣೆಯಲ್ಲಿ ಬೀಗ ಹಾಕಿಟ್ಟಿದ್ದರು. ಹೊರಗೆ ಉಳಿದಿದ್ದದ್ದು ತೂತಪ್ಪನ ಎಡಗಡೆಯ ಡಬ್ಬ ಒಂದೇ.

“ಅದು ಬೇಡ ಅಕ್ಕ!” ತೂತಪ್ಪ ನಿಜಕ್ಕೂ ನೊಂದ. “ಅವೆಲ್ಲ ಕೆಟ್ಟವು. ಒಂದರ ತೂತು ಅಂಚಿಗೆ ಹೋಗಿದೆ, ಇನ್ನೊಂದು ಬದನೆಕಾಯಿ ಥರ ಇದೆ. ನಾನೇ ಬೇಡ ಅಂತ ತೆಗೆದು ಹಾಕಿದ್ದು.”

“ಎದೆ ಮೇಲೆ ಅವರ ತಾತ ಕೂತಿರೋವಾಗ ಬದನೆಕಾಯಿ ವಿಚಾರ ಮಾತಾಡ್ತೀಯಲ್ಲೋ!” ಎಂದ ಮಾವ, ಡಬ್ಬವನ್ನು ಮೇಜಿನ ಮೇಲೆ ಬೋರಲು ಹಾಕಿದ.

ಅಂಗಿ ಬಿಚ್ಚಲು ಸಮಯವಿರಲಿಲ್ಲ. ತೂತಪ್ಪನನ್ನು ಸ್ಟೂಲಿನ ಮೇಲೆ ಕೂರಿಸಿದರು. ಸೂಜಿ ಹಿಡಿಯಲು ಬಂದವರೆಲ್ಲ ಒಂದೊಂದು ಅಕ್ಷರ ಹಂಚಿಕೊಂಡರು. ಏಣಿಯಂಥ ಅಕ್ಷರದ ಮೇಲೆ ಕೊಂಬಿನ ಗುಂಡಿಗಳು, ಕಿಟಕಿಯಂಥದ್ದರ ಮೇಲೆ ಚಿಪ್ಪಿನವು, ಓಡುವ ಮನುಷ್ಯನ ಮೇಲೆ ಮರದವು. ಒಂದೊಂದು ಹೊಲಿಗೆಗೂ ತೂತಪ್ಪ ‘ಹಾ’ ಎನ್ನುತ್ತಿದ್ದ; ಅದರಲ್ಲಿ ಅರ್ಧ ಸೂಜಿಗೆ, ಅರ್ಧ ಗುಂಡಿಗೆ. ತಾನು ವರ್ಷಗಟ್ಟಲೆ ಗಡೀಪಾರು ಮಾಡಿದವರೆಲ್ಲ ಒಟ್ಟಾಗಿ ತಿರುಗಿಬಂದು ಎದೆಯ ಮೇಲೆಯೇ ಬಿಡಾರ ಹೂಡಿದಂತೆ ಅವನಿಗನಿಸಿತು.

ಕೊನೆಯ ದಾರ ಕಚ್ಚಿ ತುಂಡರಿಸುವಾಗ ಅಂಗಳದಲ್ಲಿ ಕಾರಿನ ಬಾಗಿಲು ಮುಚ್ಚಿದ ಸದ್ದಾಯಿತು. ಎಲ್ಲರೂ ಇಲಿಗಳಂತೆ ತಂತಮ್ಮ ಜಾಗ ಸೇರಿದರು. ತೂತಪ್ಪ ಕಿಟಕಿಯ ಮೇಜಿಗೆ ಕೂತು, ಮೇಜಿನ ಮೇಲೆ ಉಳಿದಿದ್ದ ಒಂದು ಗುಂಡಿ ಎತ್ತಿ ಬೆಳಕಿಗೆ ಹಿಡಿದ. ಭಗವಂತಾ, ಎಂದ ಮನಸ್ಸಿನಲ್ಲೇ, ಈ ಬೆಳಕನ್ನು ನನ್ನಿಂದ ಕಿತ್ತುಕೊಳ್ಳಬೇಡ.

ಜಪಾನಿನ ಸಾಹೇಬರು ಕುಳ್ಳಗೆ, ದುಂಡಗೆ, ನಗುಮುಖದವರಾಗಿದ್ದರು. ಬೇಸಿಗೆಯ ಆ ಸೆಕೆಯಲ್ಲೂ ಕೋಟಿನ ಗುಂಡಿಗಳನ್ನು ಕತ್ತಿನವರೆಗೂ ಹಾಕಿಕೊಂಡು ಬೆವರುತ್ತಿದ್ದರು. ಜೊತೆಗೆ ಒಬ್ಬ ಹೆಂಗಸು, ದುಭಾಷಿ. ನಮ್ಮ ಭಾಷೆಯನ್ನು ಹಳೆಯ ಗ್ರಂಥಗಳಿಂದಲೇ ಕಲಿತಿದ್ದಳೆಂದು ಕಾಣುತ್ತದೆ. “ತಮ್ಮೆಲ್ಲರ ದರ್ಶನದಿಂದ ನಾವು ಪುಳಕಿತರಾಗಿದ್ದೇವೆ,” ಎಂದಳು. ಡ್ರಿಲ್ ಮಾವ ಹೆದರಿ ಕೈಮುಗಿದ.

ಯಜಮಾನರು ಒಂದೊಂದನ್ನೇ ತೋರಿಸುತ್ತ ಕಿಟಕಿಯ ಬಳಿ ಬಂದರು. “ಇವನೇ ನಮ್ಮ ಆರಿಸುವವನು. ಒಂದೊಂದನ್ನೂ ಕಣ್ಣಲ್ಲೇ ನೋಡಿ...” ಎಂದವರು ತೂತಪ್ಪನ ಎದೆ ನೋಡಿ ಮಾತು ನುಂಗಿದರು.

ಸಾಹೇಬರ ದೃಷ್ಟಿ ತೂತಪ್ಪ ಹಿಡಿದಿದ್ದ ಗುಂಡಿಯ ಮೇಲಿರಲಿಲ್ಲ. ಅವರು ಮೂಗು ತಾಗುವಷ್ಟು ಹತ್ತಿರ ಬಂದು ಅವನ ಅಂಗಿಯನ್ನು ನೋಡತೊಡಗಿದರು. ಬೆರಳಿನಿಂದ ಒಂದು ಗುಂಡಿಯನ್ನು ಪಕ್ಕಕ್ಕೆ ಸರಿಸಿದರು. ಕೆಳಗೆ ಅಕ್ಷರ. ಇನ್ನೊಂದು ಸರಿಸಿದರು. ಅಲ್ಲೂ ಅಕ್ಷರ. ತುಟಿಯಲ್ಲೇ ಓದಿಕೊಂಡರು. ಪ್ಯಾಕಿಂಗ್ ಅಕ್ಕ ಕಣ್ಣು ಮುಚ್ಚಿದಳು.

ಸಾಹೇಬರ ಭುಜಗಳು ಮೊದಲು ಅಲುಗಿದವು. ಆಮೇಲೆ ಹೊಟ್ಟೆ. ಆಮೇಲೆ ಅವರು ಮೇಜು ಹಿಡಿದುಕೊಂಡು, ಕಣ್ಣಲ್ಲಿ ನೀರು ಸುರಿಯುವಂತೆ ನಕ್ಕರು.

“ಇಲ್ಲಿ ಲಿಖಿತವಾಗಿರುವುದು,” ಎಂದು ದುಭಾಷಿ ಗಂಭೀರವಾಗಿ ಬಗ್ಗಿ ಓದಿದಳು, “‘ಮೆತ್ತನೆಯ ಬುಧವಾರ. ನಮ್ಮ ಮೂಲಂಗಿ ಬಲಕ್ಕೆ ತಿರುಗುತ್ತದೆ. ಧನ್ಯವಾದ.’ ಇದಕ್ಕೆ ಯಾವ ಅರ್ಥವೂ ಇಲ್ಲ, ಮಹನೀಯರೇ. ನಮ್ಮ ಲಿಪಿ ನೋಡಲು ಅಂದವೆಂದು ಯಾರೋ ಹೊರಗಿನವರು ಮನಸ್ಸಿಗೆ ಬಂದಂತೆ ಅಚ್ಚು ಹಾಕಿದ್ದಾರೆ.”

ಅಪ್ಪನೂ ಇರಲಿಲ್ಲ, ತಾತನೂ ಇರಲಿಲ್ಲ. ಬರೀ ಮೂಲಂಗಿ. ತೂತಪ್ಪನಿಗೆ ಹೋದ ಜೀವ ಬಂದಂತಾಯಿತು. ದೇವರು ದೊಡ್ಡವನು ಎಂದುಕೊಂಡ. ದೇವರು ದೊಡ್ಡವನೇ, ಆದರೆ ಅವನ ಕೆಲಸ ಇನ್ನೂ ಮುಗಿದಿರಲಿಲ್ಲ.

ಸಾಹೇಬರು ಕಣ್ಣೊರೆಸಿಕೊಂಡು ಈಗ ಅಕ್ಷರ ಬಿಟ್ಟು ಗುಂಡಿಗಳನ್ನು ನೋಡತೊಡಗಿದರು. ಒಂದೊಂದನ್ನೇ ಮುಟ್ಟಿ, ತಿರುವಿ, ಏನೋ ಹೇಳಿದರು.

“ಈ ಗುಂಡಿಗಳು ಅತೀವ ರಮಣೀಯವಾಗಿವೆಯಂತೆ,” ಎಂದಳು ದುಭಾಷಿ. “ಒಂದರಂತೆ ಇನ್ನೊಂದಿಲ್ಲ. ಕೈಯಿಂದ ಮಾಡಿದ್ದೆಂದು ಕುರುಡನಿಗೂ ತಿಳಿಯುತ್ತದೆ. ಇವು ಯಾವ ಪೆಟ್ಟಿಗೆಯಲ್ಲಿವೆ?”

ಯಜಮಾನರು ಗಡಬಡಿಸಿ ಕೋಣೆಗೋಡಿ ಒಳ್ಳೆಯ ಗುಂಡಿಗಳ ತಟ್ಟೆ ತಂದರು. ನೇರವಾದ ತೂತು, ದುಂಡನೆಯ ಅಂಚು, ಎಲ್ಲ ಒಂದೇ ತಾಯಿಯ ಮಕ್ಕಳಂತೆ. ಸಾಹೇಬರು ಸೌಜನ್ಯಕ್ಕೆ ನೋಡಿ ತಲೆಯಾಡಿಸಿದರು.

“ಇಂಥವು ನಮ್ಮಲ್ಲಿ ಯಂತ್ರದಿಂದಲೇ ಮಳೆಗರೆಯುತ್ತವೆಯಂತೆ. ಅವರಿಗೆ ಬೇಕಾದದ್ದು ಈ ಮಹನೀಯರ ವಕ್ಷಸ್ಥಳದಲ್ಲಿರುವಂಥವು.”

ತೂತಪ್ಪ ಸುಮ್ಮನಿದ್ದಿದ್ದರೆ ಚೆನ್ನಾಗಿತ್ತು. ಆದರೆ ವರ್ಷಗಟ್ಟಲೆ ದೇವರ ನಾಮ ಜಪಿಸಿದ ಬಾಯಿ. ಸುಳ್ಳನ್ನು ನುಂಗಿಕೊಂಡು ಕೂರಲು ಅದಕ್ಕೆ ಅಭ್ಯಾಸವಿರಲಿಲ್ಲ.

“ಅಮ್ಮಾ, ಇವು ಒಳ್ಳೇವಲ್ಲ ಅಂತ ಸಾಹೇಬ್ರಿಗೆ ಹೇಳಿ. ಎಲ್ಲ ಕೆಟ್ಟವು. ನಾನೇ ನೋಡಿ ನೋಡಿ ಎಸೆದದ್ದು.”

ದುಭಾಷಿ ಹೇಳಿದಳು. ಸಾಹೇಬರ ಮುಖ ಮಗುವಿನ ತಟ್ಟೆಯಿಂದ ಮಿಠಾಯಿ ಕಿತ್ತುಕೊಂಡದ್ದನ್ನು ಕಂಡವರಂತಾಯಿತು.

“ಎಸೆಯುತ್ತಾರೆಯೇ? ಎಂದು ಅವರು ವ್ಯಥೆಪಡುತ್ತಿದ್ದಾರೆ. ದಯಮಾಡಿ ಇನ್ನು ಮುಂದೆ ಯಾರೂ ಏನನ್ನೂ ಆರಿಸಬಾರದಂತೆ. ಡ್ರಿಲ್ಲಿನಿಂದ ಬಂದದ್ದು ಬಂದಂತೆಯೇ, ಸೊಟ್ಟಗೆ, ಹೊಳಪು ಮಾಡಿ ಕಳಿಸಬೇಕಂತೆ. ಎಷ್ಟು ಮಾಡಿದರೂ ಅಷ್ಟನ್ನೂ ಕೊಳ್ಳುತ್ತಾರೆ.”

“ಇನ್ನು ಮೇಲೆ ಆರಿಸೋ ಮಾತೇ ಇಲ್ಲ!” ಯಜಮಾನರು ಕುಣಿಯುವುದೊಂದು ಬಾಕಿ. ತೂತಪ್ಪನ ಬೆನ್ನು ತಟ್ಟಿದರು. “ಭಲೇ ಕಣಯ್ಯ! ಕಾರ್ಖಾನೆ ಉಳಿಸ್ಬಿಟ್ಟೆ. ಮೇಜು ಖಾಲಿ ಮಾಡು. ಹೊಳಪಿನ ಕೆಲಸ ದುಪ್ಪಟ್ಟಾಗುತ್ತೆ, ನಿನ್ನಂಥ ನಂಬಿಕಸ್ಥ ಬೇಕಲ್ಲಿ. ಸೋಮವಾರದಿಂದ ಡ್ರಮ್ ಕೋಣೆ ಪೂರ್ತಿ ನಿಂದೇ!”

ತೂತಪ್ಪ ಕಿಟಕಿಯನ್ನು ನೋಡಿದ. ಬೆಳಕು ಎಂದಿನಂತೆಯೇ ಬಂದು ಮೇಜಿನ ಮೇಲೆ ಕೂತಿತ್ತು. ಅಂಗಿಯನ್ನು ಹಾಗೆಯೇ ಬಿಟ್ಟಿದ್ದರೆ ಸಾಹೇಬರು ಮೂಲಂಗಿ ಓದಿ ನಕ್ಕು ಮುಂದೆ ಹೋಗುತ್ತಿದ್ದರು. ಮಾವ, ಅಕ್ಕ ಇಬ್ಬರೂ ಅವನನ್ನು ನೋಡಲಾರದೆ ನೆಲ ನೋಡಿದರು.

ಅಷ್ಟಕ್ಕೇ ಮುಗಿಯಲಿಲ್ಲ. ಸಾಹೇಬರಿಗೆ ಮಾದರಿಗೆಂದು ಆ ಅಂಗಿಯೇ ಬೇಕಾಯಿತು. ಕೊಟ್ಟರೆ ತೂತಪ್ಪ ಬರಿಮೈ. ಸಾಹೇಬರು ಒಂದು ಗಳಿಗೆ ಯೋಚಿಸಿ, ಖುಷಿಯಾಗಿ, ತಮ್ಮ ಕೋಟಿನ ಗುಂಡಿಗೆ ಕೈಹಾಕಿದರು. ದುಭಾಷಿ ಬಿಳಿಚಿಕೊಂಡಳು. ಏನೇನೋ ಹೇಳಿ ತಡೆಯಲು ನೋಡಿದಳು. ಆಗಲಿಲ್ಲ. ಕೋಟು ತೆರೆಯಿತು.

ಒಳಗೆ ಒಂದು ಗುಲಾಬಿ ಬಣ್ಣದ ಟೀ ಶರ್ಟು. ಅದರ ಮೇಲೆ, ದಪ್ಪನೆಯ, ದುಂಡನೆಯ, ಒಂದನೇ ತರಗತಿಯ ಮಗುವೂ ಓದಬಲ್ಲ ನಮ್ಮದೇ ಅಕ್ಷರಗಳಲ್ಲಿ ಎರಡು ಸಾಲು:

ಎಮ್ಮೆ ಮಲಗಿದೆ
ಒಳಗೆ ವಿಚಾರಿಸಿ

ಎರಡನೆಯ ಸಾಲು ಸರಿಯಾಗಿ ಹೊಟ್ಟೆಯ ಮೇಲೆ ಬಂದಿತ್ತು.

ನಗು ತಡೆದು ತಡೆದು ಡ್ರಿಲ್ ಮಾವನ ಕಿವಿ ಕೆಂಪಗಾಯಿತು.

“ಅವರ ಶ್ರೀಮತಿಯವರು ಅಲ್ಲಿನ ಸಂತೆಯಲ್ಲಿ ಕೊಂಡದ್ದು,” ಎಂದು ದುಭಾಷಿ ತೂತಪ್ಪನ ಕಿವಿಯಲ್ಲಿ ಉಸುರಿದಳು. ಗ್ರಂಥಗಳೆಲ್ಲ ಒಮ್ಮೆಲೇ ಮರೆತುಹೋಗಿ ಅವಳ ದನಿ ಅಳುಬುರುಕಾಗಿತ್ತು. “ನಿಮಗೆಲ್ಲ ಸಂತೋಷ ಆಗುತ್ತೆ ಅಂತ ಹಾಕ್ಕೊಂಡು ಬಂದಿದ್ದಾರೆ. ಬೆಳಿಗ್ಗೆಯಿಂದ ಗಾಳಿ ಕೆಟ್ಟದು, ಕೋಟು ಬಿಚ್ಚಬೇಡಿ ಅಂತ ಸುಳ್ಳು ಹೇಳಿ ಕಾಪಾಡ್ತಿದ್ದೆ. ಈಗ ಅರ್ಥ ಏನು ಅಂತ ನಿಮ್ಮನ್ನೇ ಕೇಳ್ತಾರೆ. ದಮ್ಮಯ್ಯ, ನನ್ನ ಕೆಲಸ ಹೋಗುತ್ತೆ.”

ಸಾಹೇಬರು ಎದೆ ಉಬ್ಬಿಸಿ, ಬೆರಳಿಂದ ಅಕ್ಷರ ತೋರಿಸಿ, ತೂತಪ್ಪನ ಕಡೆ ನೋಡುತ್ತ ನಿಂತರು. ಅವನು ಆ ನಗುಮುಖವನ್ನು ನೋಡಿದ. ಅಂಗಿ ಆರಿಸಿ ಕೊಟ್ಟ ಆ ಕಾಣದ ಹೆಂಗಸು ಅವನ ಕಣ್ಣಿಗೆ ಕಟ್ಟಿದಳು. ಒಂದೇ ಬೆಳಗಿನಲ್ಲಿ ಒಬ್ಬರ ಕೆಲಸ ಹೋದದ್ದೇ ಸಾಕಾಗಿತ್ತು. ಇನ್ನೊಬ್ಬರದೂ ಏಕೆ ಹೋಗಬೇಕು? ಜೀವಮಾನದಲ್ಲಿ ಮೊದಲ ಬಾರಿಗೆ ತೂತಪ್ಪ ಸುಳ್ಳು ಹೇಳಿದ.

“ದೇವರು ಎಲ್ಲರಿಗೂ ಒಳ್ಳೇದು ಮಾಡಲಿ ಅಂತ ಬರೆದಿದೆ, ಸಾಹೇಬ್ರೇ.”

ದುಭಾಷಿ ಅದನ್ನು ತಿಳಿಸಿದಳು. ಸಾಹೇಬರ ಕಣ್ಣುಗಳು ತೇವಗೊಂಡವು. ಆಮೇಲೆ ಅಂಗಿಯನ್ನು ಬಿಚ್ಚಿ, ಎರಡು ಕೈಯಲ್ಲೂ ಹಿಡಿದು, ಬಗ್ಗಿ, ತೂತಪ್ಪನಿಗೆ ಕೊಟ್ಟರು.

“ಇಂಥ ಪವಿತ್ರ ವಾಕ್ಯ ಅದನ್ನು ಓದಬಲ್ಲವರ ನಡುವೆಯೇ ಇರಬೇಕಂತೆ. ಅವರು ಮುಂದಿನ ವಾರವೆಲ್ಲ ಇಲ್ಲೇ ಇರುತ್ತಾರೆ. ದಿನವೂ ತಮ್ಮ ಮೈಮೇಲೆ ಇದನ್ನು ನೋಡಿ ಕಣ್ತುಂಬಿಕೊಳ್ಳುವ ಆಸೆಯಂತೆ.”

“ದಿನಾ ಹಾಕ್ಕೊಳ್ತಾನೆ!” ಎಂದು ಯಜಮಾನರು ಅಲ್ಲಿಯೇ ಅಪ್ಪಣೆ ಕೊಡಿಸಿದರು.

ಸಂಜೆ ತೂತಪ್ಪ ಬಸ್ಸು ಹತ್ತಿದ. ಬೆಳಿಗ್ಗೆ ಅವನ ಎದೆಯನ್ನು ಓದಬಲ್ಲವರು ಊರಿನಲ್ಲಿ ಒಬ್ಬರೂ ಇರಲಿಲ್ಲ. ಈಗ ಬಸ್ಸಿಗೆ ಬಸ್ಸೇ ಓದಿತು. ಒಬ್ಬಳು ಅಜ್ಜಿ ಕನ್ನಡಕ ಮನೆಯಲ್ಲೇ ಬಿಟ್ಟು ಬಂದಿದ್ದಳೆಂದು ಪಕ್ಕದವರು ಅವಳಿಗೆ ಗಟ್ಟಿಯಾಗಿ ಓದಿ ಹೇಳಿದರು. ಕಂಡಕ್ಟರು ಟಿಕೆಟ್ ಹರಿಯುತ್ತ, “ಒಳಗಿರೋದಕ್ಕೂ ಟಿಕೆಟ್ ಬೇಕಾಗುತ್ತೆ ಸ್ವಾಮಿ,” ಎಂದ. ತೂತಪ್ಪ ಕಣ್ಣುಮುಚ್ಚಿ ನಾಮ ಜಪಿಸಿದ.

ಬಸ್ಸಿಳಿದು ತನ್ನ ಬೀದಿಗೆ ತಿರುಗಿದಾಗ ಹಿಂದೆ ಯಾರೋ ಬರುತ್ತಿರುವಂತೆನಿಸಿತು. ಗೇಟಿನ ಬಳಿ ಪೋಸ್ಟ್ ಮಾಸ್ತರು ಅವನನ್ನು ಕಂಡು ಏನೋ ಹೇಳಲು ಬಾಯಿ ತೆರೆದು, ಓದಿ, ಬಾಯಿ ಮುಚ್ಚುವುದನ್ನೇ ಮರೆತರು. ಬಾಗಿಲಲ್ಲಿ ನಿಂತಿದ್ದ ಹೆಂಡತಿ ಸೆರಗನ್ನು ಬಾಯಿಗೆ ತುರುಕಿಕೊಂಡು ಒಳಗೋಡಿದಳು. ತೂತಪ್ಪ ಮೆಟ್ಟಿಲ ಮೇಲೆ ಕುಸಿದು ಕೂತ.

ಹಿಂದೆ ಬಂದವನು ಹೆಗಲ ಮೇಲೆ ಹಗ್ಗದ ಸುರುಳಿ ಹೊತ್ತ ಒಬ್ಬ ಹಳ್ಳಿಯ ಮುದುಕ. ಮುಖದಲ್ಲಿ ಹಾಸ್ಯದ ಸುಳಿವೂ ಇರಲಿಲ್ಲ. ಚಪ್ಪಲಿ ಕಳಚಿ, ಕೈಮುಗಿದು, ಮೆಲ್ಲಗೆ ಕೇಳಿದ:

“ಬಸ್ಸಿನಲ್ಲಿ ಓದಿದೆ, ಅಣ್ಣ. ನಿಮ್ಮ ಹಿಂದೇನೇ ಇಳ್ಕೊಂಡು ಬಂದೆ. ನನಗೂ ಒಂದು ಎಮ್ಮೆ ಬೇಕಾಗಿತ್ತು. ಮಲಗಿರೋದನ್ನ ಎಬ್ಬಿಸೋದು ಬೇಡ, ಪಾಪ. ಯಾವಾಗ ಬಂದ್ರೆ ಎದ್ದಿರುತ್ತೆ?”

ತೂತಪ್ಪ ಪಕ್ಕಕ್ಕೆ ಸರಿದು ಮೆಟ್ಟಿಲ ಮೇಲೆ ಅವನಿಗೂ ಜಾಗ ಮಾಡಿಕೊಟ್ಟು, ನಿಟ್ಟುಸಿರು ಬಿಟ್ಟು ಹೇಳಿದ:

“ಸೋಮವಾರದ ಮೇಲೆ ಯಾವತ್ತಾದ್ರೂ ಬಾ, ಅಣ್ಣ. ಆಮೇಲೆ ಕಿವೀಲಿ ಡ್ರಮ್ಮು ತಿರುಗಿ ಅದಕ್ಕೆ ನಿದ್ದೇನೇ ಬರಲ್ಲ.”